ದುಂಬಿಗಳಿಗೆ ಸಂಜೆ ಮಾಡಿಕೊಟ್ಟವಳು

ಹಾಲ್ಬೆರಾಳ ಗಾಜಿನ ಮನೆಯಲ್ಲಿ ಟೊಮೆಟೊ ಹಣ್ಣನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ನಾನು ಸೇರಿ ಒಂಬತ್ತು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಚಳಿಗಾಲದ ಒಂದು ದಿನವಾದರೂ ಅವಳು ತಡವಾಗಿ ಎದ್ದದ್ದನ್ನು ನಾನು ಕಂಡಿರಲಿಲ್ಲ. ಜ್ವರ ಬಂದಾಗಲೂ ಐದಕ್ಕೆ ಎದ್ದಳು. ಅಕ್ಕನ ಮಗಳ ಮದುವೆಯಲ್ಲಿ ಕುಣಿದು ಕಾಲು ಊದಿಸಿಕೊಂಡ ಮರುದಿನವೂ ಐದಕ್ಕೇ ಎದ್ದಳು.

ಏಳದೆ ವಿಧಿಯಿರಲಿಲ್ಲ. ಭೂಮಿಯ ಉತ್ತರದ ತುದಿಯಲ್ಲಿರುವ ನಮ್ಮ ಲೌಗರ್‌ಹೋಲ್ಟ್ ಊರಿಗೆ ಡಿಸೆಂಬರಿನಲ್ಲಿ ಸೂರ್ಯ ಬರುವುದು ಹನ್ನೊಂದು ದಾಟಿದ ಮೇಲೆ. ಬಂದವನು ಗುಡ್ಡದ ನೆತ್ತಿಯನ್ನು ಸವರಿಕೊಂಡು ಮೂರೂವರೆಗೆಲ್ಲ ಹೊರಟುಬಿಡುತ್ತಾನೆ. ಟೊಮೆಟೊ ಗಿಡಕ್ಕೆ ಅದು ಯಾವ ಮೂಲೆಗೂ ಸಾಲದು. ಬಿಸಿನೀರು ನೆಲದಿಂದಲೇ ಉಕ್ಕಿ ಬರುತ್ತದೆ, ಕೊಳವೆಯಲ್ಲಿ ಹರಿಸಿದರೆ ಮನೆ ಬೆಚ್ಚಗಿರುತ್ತದೆ. ಬೆಳಕನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು.

ಹಾಲ್ಬೆರಾಳ ಮನೆಯಲ್ಲಿ ಹದಿನೆಂಟು ಸಾಲು. ಸಾಲಿಗೆ ಹತ್ತು ದೀಪ, ಒಂದೊಂದೂ ಸಾವಿರ ವ್ಯಾಟಿನದು. ಎಲ್ಲವನ್ನೂ ಒಂದೇ ಸಲ ಹಚ್ಚಿದರೆ ಮೇನ್ ಸ್ವಿಚ್ಚು ಧಡ್ ಎಂದು ಬಿದ್ದುಹೋಗುತ್ತದೆ. ಆದ್ದರಿಂದ ಅವಳು ಬಾಗಿಲ ಪಕ್ಕದ ಗೋಡೆಯ ಮುಂದೆ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದಳು. ಒಂದು ಸ್ವಿಚ್ಚು, ಎರಡು ನಿಮಿಷ, ಒಂದು ಗುಟುಕು, ಮತ್ತೊಂದು ಸ್ವಿಚ್ಚು. ಹದಿನೆಂಟನೆಯ ಸಾಲು ಹತ್ತಿಕೊಳ್ಳುವ ಹೊತ್ತಿಗೆ ಲೋಟವೂ ಖಾಲಿ. ಸಂಜೆ ಆರಿಸುವುದೂ ಹೀಗೆಯೇ, ಒಂದೊಂದಾಗಿ. ಇಪ್ಪತ್ತೆರಡು ವರ್ಷ ಅವಳು ಈ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟವಳಲ್ಲ.

ಅವಳು ಪಶ್ಚಿಮ ತೀರದ ಮೀನುಗಾರರ ಊರಿನವಳು. ಎರಡು ಬೆಟ್ಟಗಳ ಸಂದಿಯ ಆ ಊರಿನ ಬೀದಿಗೆ ವರ್ಷದಲ್ಲಿ ಎರಡು ತಿಂಗಳು ಬಿಸಿಲೇ ಬೀಳುವುದಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಒಂದು ಬೇಸಿಗೆಗೆಂದು ಸೌತೆಕಾಯಿ ಕೊಯ್ಯಲು ಇಲ್ಲಿಗೆ ಬಂದವಳು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಹಗಲು ಹತ್ತಿದ್ದನ್ನು ನೋಡಿ ವಾಪಸು ಹೋಗಲೇ ಇಲ್ಲ. ಶಾಲೆಯ ಬಸ್ಸು ಓಡಿಸುತ್ತಿದ್ದ ಕೊಲ್ಬೈನ್‌ನನ್ನು ಮದುವೆಯಾದಳು. ಕೊಲ್ಬೈನ್ ಒಳ್ಳೆಯ ಮನುಷ್ಯ, ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಚರ್ಚಿನ ಗಾಯಕ ತಂಡದಲ್ಲಿ ಮಂದ್ರಸ್ವರದವನು. ತಾಳ್ಮೆ ಒಂದನ್ನು ಬಿಟ್ಟು ದೇವರು ಅವನಿಗೆ ಎಲ್ಲ ಕೊಟ್ಟಿದ್ದ.

ಪ್ರತಿ ಫೆಬ್ರವರಿಯಲ್ಲಿ ಗಾಯಕ ತಂಡದವರು ಟೆನೆರೀಫ್ ದ್ವೀಪಕ್ಕೆ ಬಿಸಿಲು ಕಾಯಿಸಿಕೊಳ್ಳಲು ಹೋಗುತ್ತಾರೆ. ಕೊಲ್ಬೈನ್ ಮೂರು ಸಲ ಹೋಗಿಬಂದಿದ್ದ. ಮೂರು ಸಲವೂ ಮೂಗಿನ ಚರ್ಮ ಸುಲಿಸಿಕೊಂಡು ಬಂದು ಅದೇ ಮಾತು.

"ಈ ಸಲನಾದ್ರೂ ಬಾರೇ. ಒಂದೇ ವಾರ."

"ದೀಪ ನಿನ್ ತಾತ ಹಚ್ತಾನಾ?"

"ದೀಪ ತಾನೇ ಹಚ್ಚಿ ಆರ್ಸೋ ಕಂಟ್ರೋಲರ್ ಒಂದ್ ಹಾಕ್ಸು ಅಂತ ಎಷ್ಟ್ ಸಲ ಹೇಳ್ದೆ. ಊರಲ್ಲಿ ಎಲ್ಲಾರ್ ಮನೇಲೂ ಇದೆ."

"ಊರಲ್ಲಿ ಎಲ್ಲಾರ್ ಮನೇಲೂ ಮೊಬೈಲ್ ನೋಡ್ಕೊಂಡು ಮಲಗೋ ಗಂಡಂದಿರಿದಾರೆ. ಅದನ್ನೂ ಹಾಕ್ಸ್ಕೊಳ್ಲಾ? ಒಂದು ಡಬ್ಬಿಗೆ ಏನ್ ಗೊತ್ತಿರತ್ತೆ ನನ್ ಗಿಡದ ವಿಷ್ಯ?"

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮೊನ್ನೆ ನವೆಂಬರಿನಲ್ಲಿ ಊರಿನ ಈಜುಕೊಳದಿಂದ ಹೊರಬರುವಾಗ ಹಾಲ್ಬೆರಾ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. ಅದಕ್ಕೂ ಅವಳು ಜಗ್ಗಲಿಲ್ಲ, ಎಡಗೈಯಲ್ಲಿ ಸ್ವಿಚ್ಚು, ಕಾಫಿ ಲೋಟ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ. ಆದರೆ ಒಂದು ದಿನ ಪ್ಲಾಸ್ಟರು ತೋರಿಸಲು ಪಟ್ಟಣದ ಆಸ್ಪತ್ರೆಗೆ ಹೋಗಲೇಬೇಕಾಯಿತು. ಬರುವಾಗ ಹಿಮಗಾಳಿ ಎದ್ದು ಬಸ್ಸು ದಾರಿಯಲ್ಲೇ ನಿಂತಿತು. ಸಂಜೆ ದೀಪ ಆರಿಸುವ ಕೆಲಸ ಕೊಲ್ಬೈನ್‌ನ ಪಾಲಿಗೆ ಬಂತು. ಅವಳು ಫೋನಿನಲ್ಲಿ ಮೂರು ಸಲ ಹೇಳಿದಳು: ಬಾಗಿಲ ಕಡೆಯಿಂದ ಶುರು ಮಾಡು, ಒಂದೊಂದೇ ಸಾಲು, ಮಧ್ಯೆ ಎರಡು ನಿಮಿಷ ಬಿಡು, ದುಂಬಿ ಗೂಡುಗಳಿರುವ ಕೊನೆಯ ಸಾಲನ್ನು ಎಲ್ಲಕ್ಕಿಂತ ಕೊನೆಗೆ ಆರಿಸು.

ನಮ್ಮಲ್ಲಿ ಟೊಮೆಟೊ ಹೂವಿಗೆ ಕಾಯಿ ಕಟ್ಟಿಸುವುದು ದುಂಬಿಗಳು. ರಟ್ಟಿನ ಗೂಡುಗಳಲ್ಲಿ ಬರುತ್ತವೆ, ದಿನವಿಡೀ ಹೂವಿಂದ ಹೂವಿಗೆ ಹಾರಿ ಬೆಳಕು ಇರುವಾಗಲೇ ಗೂಡಿಗೆ ಮರಳುತ್ತವೆ. ಕತ್ತಲಲ್ಲಿ ಅವಕ್ಕೆ ದಾರಿ ಕಾಣದು.

ಕೊಲ್ಬೈನ್‌ಗೆ ಅಂದು ಏಳೂವರೆಗೆ ಹಾಡಿನ ತಾಲೀಮು ಇತ್ತು. ಹದಿನೆಂಟನ್ನು ಎರಡರಿಂದ ಗುಣಿಸಿ ನೋಡಿದ, ಗಡಿಯಾರ ನೋಡಿದ, ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟ.

ಅಂದು ಪೆಟ್ಟಿಗೆ ಹೆಚ್ಚಿದ್ದರಿಂದ ನಾನಿನ್ನೂ ಅಲ್ಲೇ ಇದ್ದೆ. ಕಣ್ಣು ಕೋರೈಸುವ ಹಗಲು ಒಂದೇ ಏಟಿಗೆ ಬಾವಿಯ ತಳವಾಯಿತು. ಮೇಲೆಲ್ಲ ಗುಂಯ್ ಎಂಬ ಸದ್ದು ಒಂದು ಗಳಿಗೆ ಜೋರಾಗಿ, ಆಮೇಲೆ ಟಪ್, ಟಪ್ ಎಂದು ಎಲೆಗಳ ಮೇಲೆ, ನೆಲದ ಮೇಲೆ ಏನೋ ಉದುರತೊಡಗಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹಿಮ ಮೆತ್ತಿದ ಕೋಟಿನಲ್ಲಿ ಹಾಲ್ಬೆರಾ. ಗಾಳಿ ತಗ್ಗಿ ಬಸ್ಸು ಕೊನೆಗೂ ಹೊರಟಿತ್ತು.

"ಕೊಲ್ಬೈನ್, ಏನ್ ಮಾಡ್ದೆ?"

"ಆರ್ಸ್ದೆ. ನೀನೇ ತಾನೆ ಆರ್ಸು ಅಂದಿದ್ದು?"

"ಒಂದೇ ಸಲ?"

"ಆರಿದ್ಮೇಲೆ ಒಂದ್ ಸಲ ಆದ್ರೇನು, ಹದ್ನೆಂಟ್ ಸಲ ಆದ್ರೇನು? ತಡಿ, ಮತ್ತೆ ಹಾಕ್ತೀನಿ."

ಹಾಕಿದ. ಒಂದು ದೀಪವೂ ಹತ್ತಲಿಲ್ಲ.

"ಅಯ್ಯೋ, ಎಲ್ಲಾ ಸುಟ್ಟೋಯ್ತೇನೇ!"

"ಸುಟ್ಟಿಲ್ಲ. ಬಿಸಿ ಇರೋ ದೀಪ ಮತ್ತೆ ಹತ್ತಲ್ಲ, ತಣ್ಣಗಾಗ್ಬೇಕು. ಕಾಲು ಗಂಟೆ ಬೇಕು. ನೆಲ ನೋಡ್ಕೊಂಡು ಕಾಲಿಡು, ಒಂದನ್ ತುಳಿದ್ರೂ ನಿನ್ನೇ ಗೂಡಿಗ್ ಹಾಕ್ತೀನಿ!"

ಮೂವರೂ ಟಾರ್ಚು ಹಿಡಿದು ಮಂಡಿಯೂರಿದೆವು. ಬಿದ್ದ ದುಂಬಿಯನ್ನು ಚಮಚದಿಂದ ಎತ್ತಿ ಕಾಫಿ ಲೋಟಕ್ಕೆ ಹಾಕುವುದು, ಲೋಟವನ್ನು ಗೂಡಿನ ಬಾಯಿಯಲ್ಲಿ ಬಗ್ಗಿಸುವುದು. ಹಾಡಿನ ತಂಡದ ಕಪ್ಪು ಕೋಟು ತೊಟ್ಟಿದ್ದ ಕೊಲ್ಬೈನ್ ಸಾಲುಗಳ ನಡುವೆ ಕರಡಿಯಂತೆ ತೆವಳುತ್ತಿದ್ದ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಹಾಡತೊಡಗಿದ.

"ಯಾಕೆ ಈ ಕೂಗು?" ಎಂದಳು ಹಾಲ್ಬೆರಾ.

"ನನ್ ಸ್ವರ ಅವುಗಳ ಸ್ವರ ಒಂದೇ ಕಣೇ. ನೆಂಟ ಬಂದ ಅಂತ ಹತ್ರ ಬರ್ತವೆ."

ಅವಳಿಗೆ ಸಿಟ್ಟು ತಡೆಯಲಾಗಲಿಲ್ಲ, ನಗುವೂ ತಡೆಯಲಾಗಲಿಲ್ಲ. ಪ್ಲಾಸ್ಟರಿನ ಕೈ ಎದೆಗೊತ್ತಿಕೊಂಡು ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೀಪಗಳು ತಣ್ಣಗಾಗಿ, ಅವಳು ಒಂದೊಂದೇ ಸಾಲು ಹಚ್ಚುವ ಹೊತ್ತಿಗೆ ಮುಕ್ಕಾಲು ಪಾಲು ದುಂಬಿಗಳು ಗೂಡು ಸೇರಿದ್ದವು. ಉಳಿದವು ಬೆಳಕಿನಲ್ಲಿ ತಾವೇ ಹೋದವು. ಸತ್ತವು ತೀರ ಕಡಿಮೆ. ಆದರೂ ಅಂಗೈಯಲ್ಲಿ ಅವನ್ನಿಟ್ಟುಕೊಂಡು ಹಾಲ್ಬೆರಾ ಒಂದೊಂದಾಗಿ ಎಣಿಸಿದಳು.

ಮರುದಿನ ಕಾಫಿಗೆ ಕೂತಾಗ ತಾನಾಗಿಯೇ ನನಗೆ ಹೇಳಿದಳು: "ಯೋರುನ್, ನಾನೊಬ್ಳು ಬಿದ್ರೆ ಈ ಮನೇನೂ ಬೀಳತ್ತೆ. ನಾನಿಷ್ಟ್ ವರ್ಷ ಜಂಭ ಪಟ್ಟಿದ್ದು ಇದಕ್ಕೇನಾ? ಬೊಝೇನಾಗೆ ಫೋನ್ ಮಾಡು."

ಬೊಝೇನಾ ನಮ್ಮ ಸುತ್ತಿನ ತೋಟಗಳ ಎಲೆಕ್ಟ್ರಿಷಿಯನ್. ಪೋಲೆಂಡಿನ ಬಂದರು ಊರಿನವಳು, ಇಲ್ಲಿಗೆ ಬಂದು ಹದಿನಾರು ವರ್ಷ. ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಬೈಯುವುದಕ್ಕೆ ಬಳಸುತ್ತಾಳೆ. ವ್ಯಾನಿನಿಂದ ಏಣಿ, ಕೇಬಲ್ಲಿನ ಸುರುಳಿ, ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ಇಳಿಸಿದಳು. ಪೆಟ್ಟಿಗೆಯಿಂದ ತೆಗೆದ ಕಂಟ್ರೋಲರ್ ಒಂದು ಬ್ರೆಡ್ಡಿನ ಗಾತ್ರದ್ದು, ಮುಂದೆ ಪುಟ್ಟ ಪರದೆ.

ಹಾಲ್ಬೆರಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಇಷ್ಟೇನಾ? ಇದು ನೂರೆಂಬತ್ತು ದೀಪ ಆಳತ್ತಾ?"

"ನೀನೂ ಗಿಡ್ಡೀನೇ ಅಲ್ವಾ? ಕೊಲ್ಬೈನ್‌ನ ಆಳ್ತಿಲ್ವಾ?" ಎಂದಳು ಬೊಝೇನಾ.

ಪ್ರತಿ ದೀಪದ ತಲೆಯ ಮೇಲೂ ಕರೆಂಟನ್ನು ಹದ ಮಾಡಿ ಕೊಡುವ ಒಂದು ಚೋಕಿನ ಡಬ್ಬಿ. ನಾಲ್ಕು ವರ್ಷದ ಹಿಂದೆ ಹೊಸ ಚೋಕು ಹಾಕಿಸಿದಾಗಲೇ ಅವುಗಳಲ್ಲಿ ಇಂಥ ಕೇಬಲ್ಲಿಗೆಂದು ತೂತು ಬಿಟ್ಟಿದ್ದರು, ಯಾರೂ ಬಳಸಿರಲಿಲ್ಲ. ಕಂಟ್ರೋಲರಿನಿಂದ ಹೊರಟ ತೆಳು ಕೇಬಲ್ಲು ಮೊದಲ ಚೋಕಿಗೆ, ಅಲ್ಲಿಂದ ಎರಡನೆಯದಕ್ಕೆ, ಹೀಗೆ ಮಾಲೆಯಂತೆ ಹೋಗಬೇಕು. ಚೋಕಿನ ಹಿಂದೆ ಒಂದು ತಿರುಗಣೆ ಇದೆ. ಅದನ್ನು ಕೊನೆಯ ಗುರುತಿಗೆ ತಿರುಗಿಸಿದರೆ ಮಾತ್ರ ಆ ದೀಪ ಕಂಟ್ರೋಲರಿನ ಮಾತು ಕೇಳುತ್ತದೆ. ಇಲ್ಲದಿದ್ದರೆ ತನ್ನ ಪಾಡಿಗೆ ತಾನು. ಮೇನ್ ಆರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಬೊಝೇನಾ ತನ್ನ ಜೇಬಿಗೆ ಹಾಕಿಕೊಂಡಳು. ಕೊಲ್ಬೈನ್ ಕಡೆ ನೋಡಿಯೇ ಹಾಕಿಕೊಂಡಳು.

ಗಿಡಗಳಿಗೆ ದಿನವಿಡೀ ಬೆಳಕು ತಪ್ಪದಿರಲೆಂದು ಅರ್ಧರ್ಧ ದಿನವಷ್ಟೇ ಕೆಲಸ ಮಾಡಿದ್ದರಿಂದ ಎರಡು ದಿನ ಹಿಡಿಯಿತು. ಕೆಳಗಿನಿಂದ ಕೇಬಲ್ಲು ಕೊಡುವುದು ಹಾಲ್ಬೆರಾ, ಮೇಲೆ ಸಿಕ್ಕಿಸುವುದು ಬೊಝೇನಾ. ಕೊಲ್ಬೈನ್‌ಗೆ ಸಾರು ಮಾಡುವ ಕೆಲಸ. ಕುರಿಮಾಂಸದ ಸಾರಿಗೆ ಹುಳಿಯೇ ಇಲ್ಲವೆಂದು ಬೊಝೇನಾ ಏಣಿಯ ಮೇಲಿಂದಲೇ ತಗಾದೆ ತೆಗೆದಳು. ಸಾರಿಗೆ ಹುಳಿ ಹಾಕುವವರು ಕ್ರೈಸ್ತರೇ ಅಲ್ಲವೆಂದು ಕೊಲ್ಬೈನ್ ಕೆಳಗಿಂದ ಉತ್ತರ ಕೊಟ್ಟ.

ಎರಡನೆಯ ದಿನ ಮಧ್ಯಾಹ್ನ ಪರೀಕ್ಷೆ. ಬೊಝೇನಾ ಗುಂಡಿ ಒತ್ತಿದಳು. ದೀಪಗಳು ಗುಂಪುಗುಂಪಾಗಿ, ಒಂದು ಗುಂಪಿಗೂ ಇನ್ನೊಂದಕ್ಕೂ ಬಿಡುವು ಕೊಟ್ಟುಕೊಂಡು ಹತ್ತಿದವು. ಥೇಟ್ ಹಾಲ್ಬೆರಾ ಹಚ್ಚುತ್ತಿದ್ದ ಹಾಗೆಯೇ, ಕಾಫಿಯ ಗುಟುಕೊಂದಿಲ್ಲ ಅಷ್ಟೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ಬೊಝೇನಾ ಬೆಳಕನ್ನು ಅರ್ಧಕ್ಕಿಳಿಸಿದಾಗ ಹನ್ನೊಂದನೆಯ ಸಾಲಿನಲ್ಲಿ ಎರಡು ದೀಪ ಮಾತ್ರ ಪೂರ್ತಿ ಉರಿಯುತ್ತಲೇ ಇದ್ದವು.

"ಎರಡರದ್ದೂ ತಿರುಗಣೆ ತಿರುಗ್ಸಿಲ್ಲ," ಎಂದಳು ಹಾಲ್ಬೆರಾ.

"ತಿರುಗ್ಸಿದೀನಿ. ನಾನು ಮರೆಯಲ್ಲ."

"ಹನ್ನೊಂದನೇ ಸಾಲಲ್ಲಿರೋವಾಗ ನೀನು ಹುಳಿ ಬಗ್ಗೆ ಜಗಳ ಆಡ್ತಿದ್ದೆ."

ಬೊಝೇನಾ ಮತ್ತೆ ಏಣಿ ಹತ್ತಿದಳು. ತಿರುಗಣೆ ತಿರುಗಿಸಿರಲಿಲ್ಲ. ಇಳಿದು ಬಂದು, ಹಳೆಯ ಹದಿನೆಂಟು ಸ್ವಿಚ್ಚುಗಳನ್ನು ಕಿತ್ತುಹಾಕಲೇ ಎಂದು ಕೇಳಿದಳು.

"ಮುಟ್ಬೇಡ. ಡಬ್ಬಿ ಕೈ ಕೊಟ್ರೆ ಮನುಷ್ಯರ ಕೈ ಇರ್ಬೇಕು."

"ಸರಿಯಾಗ್ ಹೇಳ್ದೆ. ಬೇರೆಯವ್ರಿಗೆ ಇದನ್ನ ನಾನೇ ಹೇಳಿ ಹೇಳಿ ಸಾಕಾಗಿದೆ."

ಕಂಟ್ರೋಲರು ಮನೆಯನ್ನು ಎರಡು ಭಾಗ ಮಾಡಿ ನಡೆಸಬಲ್ಲದು. ಒಂದೊಂದು ಭಾಗಕ್ಕೆ ಒಂಬತ್ತು ಸಾಲು. ಬೊಝೇನಾ ಎರಡಕ್ಕೂ ಒಂದೇ ಹೊತ್ತು ಬರೆದಳು: ಐದಕ್ಕೆ ಬೆಳಗು, ಎಂಟಕ್ಕೆ ಸಂಜೆ. ಹಾಲ್ಬೆರಾ ಪರದೆಯನ್ನೇ ನೋಡುತ್ತಾ ನಿಂತಳು.

"ಇದ್ರಲ್ಲಿ ಸಂಜೆ ಅಂದ್ರೆ ಏನು?"

"ನಿಧಾನಕ್ಕೆ ಮಂಕಾಗಿ ಆರತ್ತೆ. ಅರ್ಧ ಗಂಟೆವರೆಗೂ ಎಳೀಬಹ್ದು."

"ಹಾಗಾದ್ರೆ ಬಾಗಿಲ ಕಡೆ ಭಾಗಕ್ಕೆ ಸಂಜೆ ಮೊದ್ಲು ಮಾಡು. ಅದು ಪೂರ್ತಿ ಆರಿದ್ಮೇಲೆ ಗೂಡಿನ ಕಡೆ ಭಾಗಕ್ಕೆ ಸಂಜೆ ಶುರುವಾಗ್ಲಿ. ಆಗ ದುಂಬಿಗಳು ಕತ್ತಲಿಂದ ಬೆಳಕಿನ ಕಡೆ ಬರ್ತವೆ, ಬಂದ್ಮೇಲೆ ಅಲ್ಲೂ ಮಂಕಾದ್ರೆ ಹೊತ್ತಾಯ್ತು ಅಂತ ಒಳಗ್ ಹೋಗ್ತವೆ."

ಬೊಝೇನಾ ಅವಳನ್ನೇ ದಿಟ್ಟಿಸಿ ನೋಡಿದಳು. "ಹನ್ನೆರಡು ಮನೆಗೆ ಹಾಕಿದೀನಿ ಇದನ್ನ. ಯಾರೂ ಹೀಗ್ ಕೇಳಿಲ್ಲ."

ಆ ಸಂಜೆ ನಾಲ್ವರೂ ಪೆಟ್ಟಿಗೆಗಳ ಮೇಲೆ ಕೂತು ಕಾದೆವು. ಏಳೂಕಾಲಕ್ಕೆ ಬಾಗಿಲ ಕಡೆಯ ಬೆಳಕು ಸೊರಗತೊಡಗಿತು. ಮೊದಲು ನಮಗೆ ತಿಳಿಯಲೇ ಇಲ್ಲ, ಎಲೆಯ ಹಸಿರು ಗಾಢವಾದಾಗ ತಿಳಿಯಿತು. ದುಂಬಿಗಳು ಒಂದೆರಡಾಗಿ, ಆಮೇಲೆ ಹತ್ತಿಪ್ಪತ್ತಾಗಿ ನಮ್ಮ ತಲೆಯ ಮೇಲಿಂದ ಗೂಡಿನ ಕಡೆ ತೇಲಿದವು. ಅಲ್ಲಿಯೂ ಬೆಳಕು ಇಳಿಯಿತು. ಗೂಡಿನ ಬಾಯಲ್ಲಿ ಸ್ವಲ್ಪ ನೂಕುನುಗ್ಗಲು. ಎಂಟೂಕಾಲಕ್ಕೆ ಕೊನೆಯ ಸಾಲು ಆರಿದಾಗ ಹಾಲ್ಬೆರಾ ಟಾರ್ಚು ಹಿಡಿದು ಸಾಲು ಸಾಲು ನಡೆದುಬಂದಳು. ನೆಲದ ಮೇಲೆ ಎರಡೇ ಎರಡು ಇದ್ದವು.

"ಎರಡು," ಎಂದಳು. ಕೈಯಲ್ಲಿ ಎತ್ತಿಕೊಂಡು ಗೂಡಿಗೆ ಬಿಟ್ಟಳು. "ನಾನು ಆರಿಸ್ತಿದ್ದಾಗ ಹತ್ತೋ ಹನ್ನೆರಡೋ ಇರ್ತಿತ್ತು."

ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನಮಗೆಲ್ಲ ಗೊತ್ತಿತ್ತು.

ಎಲ್ಲ ಸುಗಮವಾಯಿತು ಎನ್ನುವಷ್ಟರಲ್ಲಿ ಹೊಸದೊಂದು ತಕರಾರು. ಎರಡನೆಯ ವಾರದಿಂದ ದಿನವೂ ಬೆಳಿಗ್ಗೆ ಹತ್ತಕ್ಕೆ ಗೂಡಿನ ಕಡೆಯ ದೀಪಗಳು ತಾವಾಗಿಯೇ ಮಂಕಾಗತೊಡಗಿದವು. ಅರ್ಧ ಗಂಟೆ ಹಾಗಿದ್ದು ಮತ್ತೆ ಸರಿಹೋಗುತ್ತಿದ್ದವು. ಪಾಪ, ದುಂಬಿಗಳು ಸಂಜೆಯಾಯಿತೆಂದು ಗೂಡಿಗೆ ಓಡುವುದು, ಮತ್ತೆ ಹೊರಬರುವುದು. ಪ್ಯಾಕಿಂಗ್ ಕೋಣೆಯಲ್ಲಿದ್ದ ಕಂಟ್ರೋಲರಿನ ಪರದೆ ನೋಡಿದರೆ ಮೂವತ್ತೆರಡು ಡಿಗ್ರಿ ಎಂದು ತೋರಿಸುತ್ತಿತ್ತು. ಗಿಡದ ತುದಿಯ ಎತ್ತರದಲ್ಲಿ ಒಂದು ಕೊಕ್ಕೆಗೆ ಶಾಖ ಅಳೆಯುವ ಬೆರಳಿನಷ್ಟು ಸೆನ್ಸರ್ ತೂಗುಹಾಕಿದೆ. ಅಲ್ಲಿ ಶಾಖ ಹೆಚ್ಚಾದರೆ ಕಂಟ್ರೋಲರು ಗಿಡ ಬಾಡದಿರಲೆಂದು ದೀಪ ಇಳಿಸುತ್ತದೆ. ಆದರೆ ಹೊರಗೆ ಕೊರೆಯುವ ಹಿಮ, ಮನೆಯಲ್ಲಿ ಇಪ್ಪತ್ತೆರಡು ದಾಟಿರಲಿಲ್ಲ.

ಫೋನಿನಲ್ಲಿ ಬೊಝೇನಾ ಹೇಳಿದಳು: "ದಿನಾ ಅದೇ ಹೊತ್ತಿಗೆ ಅಂದ್ರೆ ಅದು ಯಂತ್ರದ ಕಾಯಿಲೆ ಅಲ್ಲ, ಮನುಷ್ಯರದು. ಹತ್ತಕ್ಕೆ ಹೋಗಿ ಸೆನ್ಸರ್ ಹತ್ರ ನಿಂತ್ಕೊ."

ಮರುದಿನ ಹತ್ತಕ್ಕೆ ನಾನು, ಹಾಲ್ಬೆರಾ ಕಳ್ಳರಂತೆ ಹದಿನೈದನೆಯ ಸಾಲಿಗೆ ಹೋದೆವು. ಅಲ್ಲಿ ಮಡಚುವ ಕುರ್ಚಿಯಲ್ಲಿ ಕೊಲ್ಬೈನ್ ಕೂತಿದ್ದ. ಬನಿಯನ್ನೂ ಇಲ್ಲ, ಬರೀ ಚಡ್ಡಿ, ತಲೆಗೆ ಹುಲ್ಲಿನ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಮುಚ್ಚಳ ತೆರೆದ ಕಾಫಿ ಫ್ಲಾಸ್ಕು ಸೆನ್ಸರಿನ ಅದೇ ಕೊಕ್ಕೆಗೆ ತೂಗುತ್ತಿತ್ತು. ಹಬೆ ನೇರ ಸೆನ್ಸರಿಗೆ.

"ಏನಿದು ವೇಷ?" ಎಂದಳು ಹಾಲ್ಬೆರಾ.

ಅವನು ಕನ್ನಡಕ ಇಳಿಸಿದ. "ಟೆನೆರೀಫ್‌ಗೆ ಚರ್ಮ ಹದ ಮಾಡ್ಕೊಳ್ತಿದೀನಿ. ಹೋದ್ ತಕ್ಷಣ ಮೂಗು ಸುಲೀಬಾರ್ದು ಅಂತ. ನಿನ್ ಡಬ್ಬಿ ಬಹಳ ಮರ್ಯಾದಸ್ಥ ಕಣೇ. ನಾನು ಕೂತ್ ಐದ್ ನಿಮಿಷಕ್ಕೆ ಕಣ್ ಕುಕ್ಕತ್ತೆ ಅಂತ ಬೆಳಕು ಇಳಿಸತ್ತೆ. ಹೇಳೋದೂ ಬೇಡ!"

ನಾನು ಪೆಟ್ಟಿಗೆಯ ಮೇಲೆ ಕುಸಿದು ಕೂತೆ, ಹೊಟ್ಟೆ ಹುಣ್ಣಾಗುವಷ್ಟು ನಗು. ಹಾಲ್ಬೆರಾ ಫ್ಲಾಸ್ಕು ಇಳಿಸಿಕೊಂಡು ಆ ಕಾಫಿಯನ್ನು ತಾನೇ ಕುಡಿದು ಮುಗಿಸಿದಳು. ಎರಡು ನಿಮಿಷಕ್ಕೆ ದೀಪಗಳು ಪೂರ್ತಿ ಬೆಳಗಿದವು.

"ನೋಡ್ದಾ, ಈಗ ಮರ್ಯಾದೆ ಹೋಯ್ತು," ಎಂದ ಕೊಲ್ಬೈನ್.

ಫೆಬ್ರವರಿಯಲ್ಲಿ ಅವಳು ಅವನ ಜೊತೆ ಟೆನೆರೀಫ್‌ಗೆ ಹೋದಳು. ಮನೆ ನನ್ನ ಮತ್ತು ಬೊಝೇನಾಳ ಸುಪರ್ದಿಗೆ. ಮೊದಲ ದಿನ ಬೆಳಿಗ್ಗೆ ಐದಕ್ಕೇ ಫೋನು.

"ಹತ್ತಿದ್ವಾ?"

"ಹತ್ತಿದ್ವು. ನಿನ್ ಮೊಬೈಲಲ್ಲೇ ಕಾಣ್ಸತ್ತಲ್ಲ."

"ಕಾಣ್ಸತ್ತೆ. ನಿನ್ ಬಾಯಲ್ಲಿ ಕೇಳೋಣ ಅಂತ."

ಎರಡನೆಯ ದಿನ ಆರಕ್ಕೆ ಫೋನು. ಮೂರನೆಯ ದಿನ ಬರಲಿಲ್ಲ. ನಾಲ್ಕನೆಯ ದಿನ ಗಾಬರಿಯಾಗಿ ನಾನೇ ಮಾಡಿದೆ. ಹತ್ತೂವರೆಯಾಗಿತ್ತು, ನಿದ್ದೆಗಣ್ಣಲ್ಲಿ ಎತ್ತಿಕೊಂಡಳು. "ಇಲ್ಲಿ ಟೊಮೆಟೊ ಬಯಲಲ್ಲೇ ಬೆಳೆಯತ್ತೆ ಯೋರುನ್, ಯಾರೂ ಏನೂ ಹಚ್ಚೋದಿಲ್ಲ," ಎಂದಳು. ಸ್ವಲ್ಪ ತಡೆದು, "ಸಿಪ್ಪೆ ಮಾತ್ರ ದಪ್ಪ," ಎಂದು ಸೇರಿಸಿದಳು.

ವಾಪಸು ಬಂದಾಗ ಅವಳ ಮೂಗು ಸುಲಿದಿತ್ತು. ಕೊಲ್ಬೈನ್‌ದು ಸುಲಿದಿರಲಿಲ್ಲ, ಅದನ್ನು ಅವನು ಈಜುಕೊಳದ ಬಿಸಿತೊಟ್ಟಿಯಲ್ಲಿ ಕೂತ ಪ್ರತಿಯೊಬ್ಬರಿಗೂ ತೋರಿಸಿದ.

ದುಂಬಿಗಳ ಸಂಜೆಯ ಸುದ್ದಿಯೂ ಅದೇ ತೊಟ್ಟಿಯಿಂದ ಊರಿಗೆಲ್ಲ ಹಬ್ಬಿತು. ಮೊದಲು ಬಂದವನು ಹೊಳೆಯಾಚೆಯ ಗುನ್‌ಲೌಗುರ್. ಅವನೂ ಟೊಮೆಟೊ ಬೆಳೆಯುವವನೇ, ಕಂಟ್ರೋಲರ್ ಹಾಕಿಸಿ ಆರು ವರ್ಷವಾಗಿದ್ದವನು, ಹಾಲ್ಬೆರಾಳನ್ನು ಇಷ್ಟು ವರ್ಷ "ಸ್ವಿಚ್ಚಿನ ಅಜ್ಜಿ" ಎಂದು ಆಡಿಕೊಂಡವನು. ಬಾಗಿಲಲ್ಲಿ ನಿಂತು ಟೋಪಿ ತಿರುವುತ್ತಾ, ನಮ್ಮ ಮನೆಯಲ್ಲೂ ದುಂಬಿ ಬಹಳ ಸಾಯುತ್ತವೆ ಎಂದ. ಅವಳು ಹೋಗಿ ನೋಡಿದಳು. ಗೂಡುಗಳು ಮೊದಲು ಆರುವ ಭಾಗದಲ್ಲಿದ್ದವು. ಸಂಜೆಯನ್ನು ಯಾರೂ ಬರೆದೇ ಇರಲಿಲ್ಲ, ಒಂದೊಂದು ಭಾಗವೂ ತನ್ನ ಹೊತ್ತಿಗೆ ಒಮ್ಮೆಲೇ ಆರುತ್ತಿತ್ತು. ಗೂಡು ಜಾಗ ಬದಲಿಸಿದಳು, ಹೊತ್ತು ತಿದ್ದಿದಳು. ಆ ವಾರವೇ ಇನ್ನೂ ಮೂವರು ಕರೆದರು.

ಈಗ ವಾರಕ್ಕೆರಡು ದಿನ ಬೊಝೇನಾಳ ವ್ಯಾನಿನಲ್ಲಿ ಹಾಲ್ಬೆರಾಳೂ ಹೊರಡುತ್ತಾಳೆ. ಬೊಝೇನಾ ಕೇಬಲ್ಲು ನೋಡಿಕೊಳ್ಳುತ್ತಾಳೆ, ಇವಳು ಗಿಡ ಮತ್ತು ದುಂಬಿ ನೋಡಿಕೊಳ್ಳುತ್ತಾಳೆ. ಅರವತ್ತಮೂರರಲ್ಲಿ ಹೊಸ ಕಸುಬು ಕಲಿತೆಯಲ್ಲ ಎಂದರೆ, ಕಸುಬು ಹಳೆಯದೇ, ಸ್ವಿಚ್ಚಿನ ಗೋಡೆ ಮಾತ್ರ ಬದಲಾಯಿತು ಎನ್ನುತ್ತಾಳೆ.

ಮೊನ್ನೆ ನಾನೂ ಜೊತೆಗಿದ್ದೆ. ಸ್ಟ್ರಾಬೆರಿ ಬೆಳೆಯುವ ಹೊಸ ಜೋಡಿಯೊಂದರ ಗಾಜಿನ ಮನೆ. ಗಂಡ ಪರದೆಯ ಮುಂದೆ ನಿಂತು ಎಲ್ಲವನ್ನೂ ಒತ್ತಿ ಒತ್ತಿ ನೋಡುತ್ತಿದ್ದ. ಹಾಲ್ಬೆರಾ ಅವನ ಭುಜ ತಟ್ಟಿದಳು.

"ಅದನ್ನ ಬಿಡು ಮಾರಾಯ. ಮೊದ್ಲು ಗಿಡದ ಮಧ್ಯೆ ಹತ್ ನಿಮಿಷ ಸುಮ್ನೆ ಕೂತ್ಕೊ. ಎಲ್ಲಿ ಸೆಕೆ, ಎಲ್ಲಿ ತಂಪು, ನಿನ್ ಮೈಗೆ ಗೊತ್ತಾಗ್ಲಿ. ಆಮೇಲೆ ಸೆನ್ಸರ್ ಎಲ್ಲಿ ಕಟ್ಬೇಕು ಅಂತ ನೀನೇ ನನಗ್ ಹೇಳು."

ಅವನು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಗಿಡಗಳ ಮಧ್ಯೆ ಕೂರಲು ಎರಡು ಪೆಟ್ಟಿಗೆ ಬೋರಲು ಹಾಕುತ್ತಿದ್ದಳು.